ಬೆಲೆಯನ್ನು ಒಂದೇ ಸಲ ಬರೆಸಿಕೊಂಡರೆ ಸಾಲದೇ?

ಪ್ರಶ್ನೆ: ಎರಡನೇ ಬೆಲೆಯ ಹರಾಜಿನಲ್ಲಿ ನಿಜ, ಅಂದರೆ ವಸ್ತು ನಮಗೆ ಎಷ್ಟು ಬೆಲೆಬಾಳುತ್ತದೋ ಅಷ್ಟನ್ನೇ, ಬರೆಯುವುದೇ ಲಾಭ ಎಂದು ಓದಿದ್ದೇನೆ. ಹಾಗಿದ್ದರೆ ಹಲವು ವಸ್ತುಗಳಿದ್ದಾಗಲೂ ಎಲ್ಲರಿಂದ ಬೆಲೆ ಬರೆಸಿಕೊಂಡು ಮುಗಿಸಬಹುದಲ್ಲ? ಬೆಲೆ ಏರಿಸುತ್ತಾ ಸುತ್ತಿನ ಮೇಲೆ ಸುತ್ತು ಹರಾಜು ನಡೆಸುವುದು ಯಾಕೆ?

ಉತ್ತರ: ವಸ್ತು ಒಂದೇ ಆದರೆ ನಿಮ್ಮ ಮಾತು ಸರಿ. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿದ್ದು ಅದನ್ನೇ. ಹೆಚ್ಚು ಬರೆದವರು ಗೆಲ್ಲುತ್ತಾರೆ, ಎರಡನೆಯವರು ಬರೆದಷ್ಟನ್ನು ಕೊಡುತ್ತಾರೆ. ಸುಳ್ಳು ಬರೆದರೆ ಗಿಟ್ಟುವುದೇನಿಲ್ಲ.

ಹಲವು ವಸ್ತುಗಳಾದಾಗ ತೊಡಕು ಬರುವುದು ಬರೆಯುವುದರಲ್ಲೇ. ಅಕ್ಕಪಕ್ಕದ ಎರಡು ಪ್ರದೇಶಗಳ ಸ್ಪೆಕ್ಟ್ರಂ (ಮೊಬೈಲ್ ಸೇವೆಗೆ ಬೇಕಾದ ರೇಡಿಯೊ ತರಂಗಗಳು) ಜೊತೆಯಾಗಿ ಸಿಕ್ಕರೆ ಅದರ ಬೆಲೆಯೇ ಬೇರೆ. ಹಾಗಾಗಿ ಒಂದೊಂದು ಗುಂಪಿಗೂ ಬೆಲೆ ಹೇಳಬೇಕು. 20 ವಸ್ತುಗಳಿಂದ 10,48,575 ಗುಂಪುಗಳಾಗುತ್ತವೆ. 30 ವಸ್ತುಗಳಾದರೆ 107 ಕೋಟಿ ದಾಟುತ್ತದೆ. ಸುತ್ತುಗಳಲ್ಲಿ ಕೇಳುವುದು ಇಷ್ಟೇ: ‘ಈ ಬೆಲೆಗೆ ನಿಮಗೆ ಯಾವುದು ಬೇಕು?’ ಒಂದರ ಬದಲು ಇನ್ನೊಂದಾದರೂ ನಡೆಯುತ್ತದೆ ಎನ್ನುವಂಥ ವಸ್ತುಗಳಿಗೆ ಅಷ್ಟು ಮಾತುಕತೆ ಸಾಕು. ಜೋಡಿಯಾಗಿಯೇ ಬೇಕೆಂದರೆ ಸಾಲದು. ಅತಿ ಕಠಿಣ ಸಂದರ್ಭಗಳಲ್ಲಿ ಅತ್ಯುತ್ತಮ ಹಂಚಿಕೆ ಖಚಿತವಾಗಬೇಕಾದರೆ, ಯಾವ ವಿಧಾನ ಹಿಡಿದರೂ, ವಸ್ತುಗಳು ಹೆಚ್ಚಿದಂತೆ ಆಡಬೇಕಾದ ಮಾತು ಘಾತೀಯವಾಗಿ, ಅಂದರೆ ಮೇಲಿನ ಗುಂಪುಗಳ ಲೆಕ್ಕದಂತೆ ಗುಣಿಸುತ್ತಾ, ಬೆಳೆಯುತ್ತದೆ ಎಂದು ಸಂಶೋಧಕರಾದ ನೋಮ್ ನಿಸಾನ್ ಮತ್ತು ಇಲ್ಯಾ ಸೆಗಲ್ 2006ರಲ್ಲಿ ಸಾಧಿಸಿದರು. ಅಂಥಲ್ಲಿ ಅತ್ಯುತ್ತಮಕ್ಕೆ ಹತ್ತಿರದ್ದನ್ನು ಒಪ್ಪಿಕೊಳ್ಳುವುದೇ ದಾರಿ.

ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುವುದು ಗುಟ್ಟಿನ ವಿಚಾರ. ನೀವು 100 ಬರೆದಿರಿ, ಎರಡನೆಯವರು 60 ಬರೆದರು ಎನ್ನಿ. ಲಕೋಟೆಗಳನ್ನು ಬಿಚ್ಚಿ ನೋಡಿದ ಮಾರಾಟಗಾರರು 99ರ ನಕಲಿ ಲಕೋಟೆಯೊಂದನ್ನು ತುರುಕಿದರೆ ನಿಮಗೆ ತಿಳಿಯುವ ಬಗೆಯೇ ಇಲ್ಲ. ಆ ಭಯವೊಂದೇ ಸಾಕು, ಜನ ನಿಜ ಬರೆಯುವುದನ್ನು ಬಿಡುತ್ತಾರೆ. ಏರುತ್ತಾ ಹೋಗುವ ಹರಾಜಿನಲ್ಲಾದರೆ ಎದುರಾಳಿ 60ಕ್ಕೆ ಕೈಬಿಟ್ಟ ಕೂಡಲೇ ಆಟ ಮುಗಿಯಿತು. ನಿಮ್ಮ 100 ನಿಮ್ಮಲ್ಲೇ ಉಳಿಯಿತು. ಗೆದ್ದವರ ಗುಟ್ಟು ಕಾಯುವ ಈ ಗುಣಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲವೆಂದೇ ನನ್ನ ಭಾವನೆ.

ಆದರೆ ಸುತ್ತುಗಳಲ್ಲಿ ಸೋರಿಕೆ ಇನ್ನೊಂದು ಕಡೆಯಿಂದ. ಅರ್ಥಶಾಸ್ತ್ರಜ್ಞರಾದ ಪಾಲ್ ಮಿಲ್‌ಗ್ರಮ್ ಮತ್ತು ರಾಬರ್ಟ್ ವಿಲ್ಸನ್ ಅವರ ವಿನ್ಯಾಸದ ಮೇಲೆ ಅಮೆರಿಕದಲ್ಲಿ 1994ರಿಂದ ನಡೆದ ಸ್ಪೆಕ್ಟ್ರಂ ಹರಾಜುಗಳಲ್ಲಿ ಮುಂದೆ ಕೆಲವರು ಬಿಡ್‌ನ ಕೊನೆಯ ಅಂಕಿಗಳಲ್ಲಿ ಪರವಾನಗಿಯ ಸಂಖ್ಯೆ ಅಡಗಿಸಿ, ‘ನಮ್ಮ ಜಾಗಕ್ಕೆ ಬರಬೇಡಿ’ ಎಂದು ಎದುರಾಳಿಗೆ ಸೂಚನೆ ಕೊಟ್ಟರು. ಬಳಿಕ ಮೊತ್ತವನ್ನು ಮನಬಂದಂತೆ ಬರೆಯಲು ಬಿಡದೆ, ಕೊಟ್ಟ ಪಟ್ಟಿಯಿಂದಲೇ ಆರಿಸಬೇಕೆಂಬ ನಿಯಮ ಬಂತು.