ಸೆಪ್ಟೆಂಬರ್ 15ರ ಮೂವತ್ತೊಂದು ಸಾಲುಗಳು

ಪ್ರಿಯ ಲೇಖಕರೇ,

‘ಇತಿಹಾಸದಲ್ಲಿ ಈ ದಿನ: ಸೆಪ್ಟೆಂಬರ್ 15’ ಎಂಬ ನಿಮ್ಮ ಬರಹ ತಲುಪಿದೆ. ಮೂವತ್ತೊಂದು ಸಾಲು, ಮೂವತ್ತೊಂದು ಸಂಗತಿ. ಘಟನೆ, ಜನನ, ಮರಣ, ಆಚರಣೆ ಎಂದು ನಾಲ್ಕು ಪಂಕ್ತಿ ಮಾಡಿ ಎಲ್ಲರಿಗೂ ಎಲೆ ಹಾಕಿದ್ದೀರಿ, ಬಡಿಸುವುದನ್ನು ಮಾತ್ರ ಮರೆತಿದ್ದೀರಿ. ಈ ರೂಪದಲ್ಲಿ ಪ್ರಕಟಿಸಲಾರೆ. ಅಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಪಟ್ಟಿಯೊಳಗೆ ಒಂದು ಒಳ್ಳೆಯ ಲೇಖನ ಅವಿತು ಕೂತಿದೆ ಎಂದು ನನಗೆ ಅನುಮಾನ. ಅದಕ್ಕಾಗಿ ಇಷ್ಟುದ್ದದ ಪತ್ರ.

ಮೊದಲು ತಪ್ಪುಗಳನ್ನು ಮುಗಿಸಿಬಿಡೋಣ. ಈ ದಿನವನ್ನು ‘ವಿಶ್ವ ಇಂಜಿನಿಯರುಗಳ ದಿನ’ ಎಂದಿದ್ದೀರಿ. ಇದು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬದ ನೆಪದಲ್ಲಿ ನಮ್ಮ ದೇಶ ಆಚರಿಸುವ ದಿನ. ಯುನೆಸ್ಕೋ ಗೊತ್ತುಮಾಡಿದ ವಿಶ್ವ ದಿನ ಮಾರ್ಚ್ 4. ಮಾರ್ಕೋ ಪೋಲೋ 1254ರ ಸೆಪ್ಟೆಂಬರ್ 15ರಂದೇ ಹುಟ್ಟಿದನೆಂದು ಬರೆದಿದ್ದೀರಿ. ಆ ತಾರೀಖಿಗೆ ದಾಖಲೆಯ ಆಧಾರವಿಲ್ಲ, ಸುಮಾರು ಆ ವರ್ಷ ಎನ್ನಬಹುದು, ಅಷ್ಟೇ. ಇನ್ನು ‘ಆಚರಣೆ’ಯ ಕೆಳಗೆ ಗಣೇಶ ಚತುರ್ಥಿ ಹೇಗೆ ಬಂದು ಕೂತಿತು? 2024ರಲ್ಲಿ ಅದು ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ತಿಥಿಯ ಹಬ್ಬವನ್ನು ತಾರೀಖಿನ ಗೂಟಕ್ಕೆ ಕಟ್ಟಿದರೆ ಮರುವರ್ಷವೇ ಹಗ್ಗ ಬಿಚ್ಚಿಕೊಂಡು ಹೋಗುತ್ತದೆ. ಮೊಬೈಲಿನಲ್ಲಿ ಸಿಕ್ಕ ಪಟ್ಟಿಯನ್ನು ಇನ್ನೊಂದು ಪಟ್ಟಿಯೊಂದಿಗೆ ಹೋಲಿಸಿದರೆ ಪರಿಶೀಲನೆ ಆಗುವುದಿಲ್ಲ. ಎರಡೂ ಒಂದೇ ಕಡೆಯಿಂದ ನಕಲಾಗಿರುತ್ತವೆ.

ಸರ್ ಎಂ.ವಿ. ಅವರಿಗೆ ನಾಲ್ಕು ಸಾಲು ಕೊಟ್ಟಿದ್ದೀರಿ. 1861, ಮುದ್ದೇನಹಳ್ಳಿ, 1955ರ ಭಾರತ ರತ್ನ, ಎಲ್ಲ ಸರಿ. ಆದರೆ ಎರಡು ಸಾಲು ರೈಲಿನ ಸದ್ದು ಕೇಳಿ ಸರಪಳಿ ಎಳೆದ ಕಥೆಗೇ ಹೋಗಿದೆ. ಪ್ರತಿ ಸೆಪ್ಟೆಂಬರಿನಲ್ಲೂ ಈ ಕಥೆ ನನ್ನ ಮೇಜಿಗೆ ಬರುತ್ತದೆ. ಯಾವ ರೈಲು, ಯಾವ ಊರು, ಯಾವ ವರ್ಷ ಎಂದು ಮಾತ್ರ ಯಾರೂ ಬರೆಯುವುದಿಲ್ಲ. ಅದರ ಬದಲು 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ಅವರು ಕೂರಿಸಿದ ಗೇಟುಗಳ ಬಗ್ಗೆ ಬರೆಯಬಹುದಿತ್ತು. ಕೋಡಿಯ ಮೇಲೆ ನಿಂತ ಗೇಟು ಗೊತ್ತಾದ ಮಟ್ಟದವರೆಗೆ ನೀರನ್ನು ತಡೆದು ನಿಲ್ಲಿಸುತ್ತದೆ. ಮಟ್ಟ ಮೀರಿದರೆ ತಾನೇ ತೆರೆದುಕೊಳ್ಳುತ್ತದೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿಯುವ ಉಪಾಯ. ಸರಪಳಿಗಿಂತ ಇದು ರೋಚಕ ಎಂದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ನಿಮ್ಮ ಏಳನೆಯ ಸಾಲು ಹೀಗಿದೆ: ‘1830: ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗ ಉದ್ಘಾಟನೆ.’ ಪೂರ್ಣವಿರಾಮ. ಆ ಚುಕ್ಕಿಯ ಅಡಿಯಲ್ಲಿ ಒಬ್ಬ ಮನುಷ್ಯ ಸಿಕ್ಕಿಹಾಕಿಕೊಂಡಿದ್ದಾನೆ, ನೋಡಿದಿರಾ? ಅಂದು ರೈಲಿನಲ್ಲಿ ಪ್ರಧಾನಿ ವೆಲ್ಲಿಂಗ್ಟನ್ ಡ್ಯೂಕ್ ಇದ್ದರು. ಲಿವರ್‌ಪೂಲಿನ ಸಂಸದ ವಿಲಿಯಂ ಹಸ್ಕಿಸನ್ ಕೂಡ ಇದ್ದರು. ಇಬ್ಬರಿಗೂ ಮನಸ್ತಾಪ; ಎರಡು ವರ್ಷಗಳ ಹಿಂದೆಯಷ್ಟೇ ಹಸ್ಕಿಸನ್ ಡ್ಯೂಕರ ಸಂಪುಟದಿಂದ ಹೊರಬಂದಿದ್ದರು. ದಾರಿಯಲ್ಲಿ ಪಾರ್ಕ್‌ಸೈಡ್ ಎಂಬಲ್ಲಿ ಎಂಜಿನ್ನಿಗೆ ನೀರು ತುಂಬಿಸಲು ಗಾಡಿ ನಿಂತಿತು. ಇಳಿಯಬೇಡಿ ಎಂದಿದ್ದರೂ ಜನ ಇಳಿದರು. ಹಸ್ಕಿಸನ್ ಹಳಿಯ ಮೇಲೆಯೇ ನಡೆದು ಡ್ಯೂಕರ ಬೋಗಿಯ ಹತ್ತಿರ ಹೋದರು. ಕೈ ಕುಲುಕಿದ್ದೂ ಆಯಿತು. ಅಷ್ಟರಲ್ಲಿ ಪಕ್ಕದ ಹಳಿಯಲ್ಲಿ ‘ರಾಕೆಟ್’ ಎಂಜಿನ್ ಬರುತ್ತಿತ್ತು. ಗಾಬರಿಯಲ್ಲಿ ಅವರು ಬೋಗಿಯ ಬಾಗಿಲನ್ನು ಹಿಡಿದು ಜೋತರು. ಬಾಗಿಲು ಹೊರಕ್ಕೆ ತೆರೆದುಕೊಂಡು ಅವರನ್ನು ನೇರವಾಗಿ ರಾಕೆಟ್ಟಿನ ಮುಂದಕ್ಕೆ ತಂದು ಹಿಡಿಯಿತು. ಕಾಲು ಜಜ್ಜಿಹೋಯಿತು. ಇನ್ನೊಂದು ಎಂಜಿನ್ನಿನಲ್ಲಿ ಅವರನ್ನು ಎಕ್ಲ್ಸ್ ಊರಿಗೆ ಕರೆದೊಯ್ದವರು ಸ್ವತಃ ಆ ಮಾರ್ಗ ಕಟ್ಟಿದ ಇಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್. ರಾತ್ರಿಯ ಹೊತ್ತಿಗೆ ಹಸ್ಕಿಸನ್ ತೀರಿಕೊಂಡರು. ರಾಜಿಯಾಗಲು ಹೋದವರು!

ಇದನ್ನು ಓದಿದ ಮೇಲೆ ನಿಮ್ಮ ಏಳನೆಯ ಸಾಲನ್ನು ಮತ್ತೊಮ್ಮೆ ಓದಿ.

ಹಾಗೆಂದು ಹಸ್ಕಿಸನ್ ಬಗ್ಗೆ ಬರೆದು ಕಳಿಸಬೇಡಿ, ಅದನ್ನು ಈಗ ನಾನೇ ಬರೆದುಬಿಟ್ಟೆ. ನಿಮಗೆ ಬೇರೆ ಕೆಲಸವಿದೆ. ಹನ್ನೊಂದನೆಯ ಸಾಲು: ‘1959: ದೆಹಲಿಯಲ್ಲಿ ದೂರದರ್ಶನ ಪ್ರಾಯೋಗಿಕ ಪ್ರಸಾರ ಆರಂಭ.’ ಜೊತೆಗಿನ ಪತ್ರದಲ್ಲಿ ನಿಮ್ಮದು ರಾಯಚೂರು ಜಿಲ್ಲೆಯ ಹಳ್ಳಿ ಎಂದಿದ್ದೀರಿ. ಈ ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕಳಿಸಿದ ನಿಮಗೆ ಅವೆರಡರ ನಂಟು ಹೊಳೆಯಲಿಲ್ಲವೇ? 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಇಸ್ರೊ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿತು. ಕರ್ನಾಟಕದ ಪಾಲಿಗೆ ಬಂದದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಆಗ ಬೆಂಗಳೂರಿನಲ್ಲಿ ಟಿವಿ ಕೇಂದ್ರವೇ ಇರಲಿಲ್ಲ! ಕೋಳಿಗೂಡಿಗೆ ಹೊಡೆಯುವಂಥ ತಂತಿ ಬಲೆಯಿಂದ ಮಾಡಿದ ದೊಡ್ಡ ಬುಟ್ಟಿಯಾಕಾರದ ಆಂಟೆನಾ, ಅದರ ಕೆಳಗೆ ಇಡೀ ಊರಿಗೆ ಒಂದು ಪೆಟ್ಟಿಗೆ. ವರ್ಷ ತುಂಬುತ್ತಲೇ ಉಪಗ್ರಹ ತನ್ನ ದಾರಿ ಹಿಡಿದು ಹೊರಟುಹೋಯಿತು.

ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ನಿಮ್ಮ ಊರಿನಲ್ಲೋ ಪಕ್ಕದ ಊರಿನಲ್ಲೋ ಅಂಥವರು ಕಟ್ಟೆಯ ಮೇಲೆ ಕೂತಿರುತ್ತಾರೆ. ಹೋಗಿ ಕೇಳಿ. ಪೆಟ್ಟಿಗೆ ಎಲ್ಲಿಟ್ಟಿದ್ದರು, ಬೀಗದ ಕೈ ಯಾರ ಬಳಿ ಇತ್ತು, ಯಾರು ಮುಂದೆ ಕೂರುತ್ತಿದ್ದರು, ಯಾರನ್ನು ದೂರ ನಿಲ್ಲಿಸುತ್ತಿದ್ದರು, ಹೆಂಗಸರು ಬರುತ್ತಿದ್ದರೇ, ಪರದೆ ಖಾಲಿಯಾದ ಮೇಲೆ ಆ ಬುಟ್ಟಿ ಏನಾಯಿತು. ಅವರು ಸೆಪ್ಟೆಂಬರ್ 15ನ್ನು ಹೆಸರಿಸದಿದ್ದರೂ ಚಿಂತೆಯಿಲ್ಲ. 1959 ನಿಮಗೆ ಬಾಗಿಲು ಮಾತ್ರ. ಉಳಿದ ಮೂವತ್ತು ಸಾಲುಗಳನ್ನು ಬಿಟ್ಟುಬಿಡಿ.

ನಮ್ಮ ಕಚೇರಿಯ ಗೋಡೆಯಲ್ಲೂ ಒಂದು ಕ್ಯಾಲೆಂಡರ್ ಇದೆ. 15ರ ಚೌಕದಲ್ಲಿ ಮೂಲೆಗೆ ತಿಥಿ, ನಕ್ಷತ್ರ. ಅದರ ಮೇಲೆ ನೀಲಿ ಶಾಯಿಯಲ್ಲಿ ‘ಹಾಲು ಇಲ್ಲ’ ಎಂದು ಯಾರೋ ಬರೆದಿದ್ದಾರೆ. ನಿಮ್ಮ ಬರಹ ಓದುತ್ತಿದ್ದಾಗ ನನ್ನ ಕಣ್ಣು ಪದೇ ಪದೇ ಅಲ್ಲಿಗೇ ಹೋಯಿತು. ಯಾರು ಬರೆದದ್ದು, ಅಂದು ಹಾಲು ಏಕೆ ಬೇಡವಾಗಿತ್ತು ಎಂದು ತಲೆ ಕೆಡಿಸಿಕೊಂಡೆ. ನಿಮ್ಮ ಮೂವತ್ತೊಂದರಲ್ಲಿ ಒಂದು ಸಾಲೂ ಆ ಕೆಲಸ ಮಾಡಲಿಲ್ಲ.

ಎಂಟುನೂರು ಪದ ಸಾಕು. ಆಗಸ್ಟ್ 25ರೊಳಗೆ ತಲುಪಲಿ. ಯೂನಿಕೋಡ್‌ನಲ್ಲಿ ಕಳಿಸಿ, ಈ ಬಾರಿಯ ಕಡತ ತೆರೆದಾಗ ಅರ್ಧದಷ್ಟು ಒತ್ತಕ್ಷರಗಳು ಚೌಕಗಳಾಗಿದ್ದವು.

ಸಂಪಾದಕ