29 ಚೆಂಡು ಹಿಡಿದವನಿಗೆ ಇಷ್ಟು ದೊಡ್ಡ ಗೌರವವೇ?

ಭದ್ರಾವತಿಯಿಂದ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಹೋಗಿ ಬಂದಾಗಿನಿಂದ ಅವರಿಗೆ ಅಮೆರಿಕನ್ ಫುಟ್‌ಬಾಲ್ ನೋಡುವ ಗೀಳು ಹತ್ತಿದೆಯಂತೆ. ಕಾರ್ನರ್‌ಬ್ಯಾಕ್ ಡರೆಲ್ ರೀವಿಸ್ ಬಗ್ಗೆ ನಾವು ಹಾಕಿದ್ದ ಎಂಟು ಸಾಲಿನ ಟಿಪ್ಪಣಿ ಅವರಿಗೆ ಹಿಡಿಸಿಲ್ಲ. ಪತ್ರದ ತಿರುಳು ಇಷ್ಟು: "ಹನ್ನೊಂದು ವರ್ಷ ಆಡಿದ, ಎದುರಾಳಿಯ 29 ಚೆಂಡು ಹಿಡಿದ ಅಂತ ನೀವೇ ಬರೆದಿದ್ದೀರಿ. ವರ್ಷಕ್ಕೆ ಮೂರೂ ಬೀಳಲಿಲ್ಲ. ಮೇಲಾಗಿ ದುಡ್ಡಿಗಾಗಿ ತಂಡದ ಮೇಲೆ ಮುನಿಸಿಕೊಂಡು ಮನೆಯಲ್ಲಿ ಕೂತವನು, ಊರೂರು ಸುತ್ತಿದವನು. ಇಂಥ ಆಸಾಮಿಗೆ 2023ರಲ್ಲಿ ಹಾಲ್ ಆಫ್ ಫೇಮ್ ಯಾಕೆ ಕೊಟ್ಟರು? ನೀವು ಯಾಕೆ ಹೊಗಳಿದಿರಿ?" (ಹಾಲ್ ಆಫ್ ಫೇಮ್ ಅಂದರೆ ಆ ಆಟದ ಮಹಾನ್ ಆಟಗಾರರ ಗೌರವಪಟ್ಟಿ.) ಕೊನೆಗೆ ಇನ್ನೊಂದು ಸಣ್ಣ ಪ್ರಶ್ನೆಯೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೇಷ್ಟ್ರೇ, ನಮಸ್ಕಾರ.

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಎಂಟು ಸಾಲಿನಲ್ಲಿ ನಾವು ಬರೀ ಅಂಕಿ ಕೊಟ್ಟೆವು. ಬೇರೆ ಆಟಗಾರರಿಗೆ ಅದು ಸಾಕಾಗುತ್ತಿತ್ತು. ಕಾರ್ನರ್‌ಬ್ಯಾಕ್‌ಗೆ ಅದು ಅನ್ಯಾಯ. ಅದರಲ್ಲೂ ಈ ಮನುಷ್ಯನಿಗೆ.

ಆಟ ನಿಮಗೆ ಗೊತ್ತಿದೆ. ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಹತ್ತು ಯಾರ್ಡ್ ಮುಂದೆ ಹೋಗಲು ಒಂದು ತಂಡಕ್ಕೆ ನಾಲ್ಕು ಅವಕಾಶ. ಕ್ವಾರ್ಟರ್‌ಬ್ಯಾಕ್ ಅನ್ನುವವನು ಚೆಂಡು ಎಸೆಯುತ್ತಾನೆ, ಅಂಚಿನಲ್ಲಿ ನಿಂತ ರಿಸೀವರ್ ಓಡಿಹೋಗಿ ಹಿಡಿಯುತ್ತಾನೆ. ಆ ರಿಸೀವರ್ ಎದುರು ನಿಲ್ಲುವವನೇ ಕಾರ್ನರ್‌ಬ್ಯಾಕ್. ಚೆಂಡು ಇವನ ಕೈಗೆ ಸಿಕ್ಕರೆ ಅದು ಇಂಟರ್‌ಸೆಪ್ಷನ್. ನೀವು ಎಣಿಸಿದ 29 ಅದೇ.

ಈ ಕೆಲಸ ಎಷ್ಟು ಕಷ್ಟ ಅಂತ ಟಿವಿಯಲ್ಲಿ ತಿಳಿಯುವುದಿಲ್ಲ. ರಿಸೀವರ್‌ಗೆ ತಾನು ಎಲ್ಲಿ ತಿರುಗಬೇಕು ಅಂತ ಮೊದಲೇ ಗೊತ್ತು. ಕಾರ್ನರ್‌ಬ್ಯಾಕ್‌ಗೆ ಗೊತ್ತಿಲ್ಲ. ಅವನು ಮುಖ ರಿಸೀವರ್ ಕಡೆ ಇಟ್ಟುಕೊಂಡು ಹಿಮ್ಮುಖವಾಗಿ ಓಡುತ್ತಾನೆ. ಎದುರಿನವನ ಸೊಂಟ ಯಾವ ಕಡೆ ವಾಲಿತು ಅಂತ ನೋಡಿ, ಅರ್ಧ ಸೆಕೆಂಡಿನಲ್ಲಿ ತಾನೂ ತಿರುಗಿ, ಅವನ ಜೊತೆ ಸಮನಾಗಿ ಓಡಬೇಕು. ಎಡವಿದರೆ ಹಿಂದೆ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಸಾವಿರಾರು ಜನರ ಮುಂದೆ ಒಬ್ಬನೇ ಬೆತ್ತಲಾಗುತ್ತಾನೆ.

ಸಾಲದು ಅಂತ 1978ರಲ್ಲಿ ನಿಯಮವನ್ನೂ ಬಿಗಿ ಮಾಡಿದರು. ಮೊದಲ ಐದು ಯಾರ್ಡ್, ಅಂದರೆ ಸುಮಾರು ನಾಲ್ಕೂವರೆ ಮೀಟರ್, ಅಷ್ಟರೊಳಗೆ ರಿಸೀವರ್‌ನ ಎದೆಗೆ ಕೈ ಹಾಕಿ ತಳ್ಳಬಹುದು. ಅದು ದಾಟಿದ ಮೇಲೆ ತಡೆದರೆ ದಂಡ. ಚೆಂಡು ಗಾಳಿಯಲ್ಲಿರುವಾಗ ಅಡ್ಡಿ ಮಾಡಿದರಂತೂ ತಪ್ಪು ನಡೆದ ಜಾಗಕ್ಕೇ ಚೆಂಡು ಕೊಟ್ಟುಬಿಡುತ್ತಾರೆ. ಒಂದೇ ತಪ್ಪಿಗೆ ನಲವತ್ತು ಯಾರ್ಡ್ ಹೋದದ್ದುಂಟು. ನೀವು ಕಬಡ್ಡಿ ಕಲಿಸಿದವರು. ಕಾರ್ನರ್‌ನಲ್ಲಿ ನಿಂತ ಹುಡುಗನಿಗೆ "ರೇಡರ್‌ನ ಪಾದ ನೋಡು, ಆದರೆ ಮುಟ್ಟಬೇಡ" ಅಂತ ಹೇಳಿ ಕಳಿಸಿದರೆ ಹೇಗಿರುತ್ತೆ? ಹೆಚ್ಚುಕಡಿಮೆ ಹಾಗೆ.

ಈಗ 29ರ ಲೆಕ್ಕಕ್ಕೆ ಬರೋಣ. ರೀವಿಸ್ 2007ರಲ್ಲಿ ನ್ಯೂಯಾರ್ಕ್ ಜೆಟ್ಸ್ ಸೇರಿದ. (ಹೆಸರಿಗೆ ನ್ಯೂಯಾರ್ಕ್, ಮೈದಾನ ಇರುವುದು ನಿಮ್ಮ ಮಗನ ನ್ಯೂಜೆರ್ಸಿಯಲ್ಲೇ.) ಮೊದಲ ವರ್ಷ ಮೂರು, ಎರಡನೇ ವರ್ಷ ಐದು, 2009ರಲ್ಲಿ ಆರು ಇಂಟರ್‌ಸೆಪ್ಷನ್. 2010ರಲ್ಲಿ ಎಷ್ಟು ಗೊತ್ತೇ? ಸೊನ್ನೆ. ಲೀಗ್ ಪಂದ್ಯಗಳಲ್ಲಿ ಒಂದೂ ಇಲ್ಲ. ಆದರೂ ಆ ವರ್ಷ ಅವನು ಆಲ್-ಪ್ರೊ ಮೊದಲ ತಂಡದಲ್ಲಿದ್ದ. ಅಂದರೆ ಇಡೀ ಎನ್‌ಎಫ್‌ಎಲ್‌ನ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಅತ್ಯುತ್ತಮ ಇಬ್ಬರು ಕಾರ್ನರ್‌ಬ್ಯಾಕ್‌ಗಳಲ್ಲಿ ಒಬ್ಬ.

ಯಾಕೆ? ಅವನ ಕಡೆಗೆ ಯಾರೂ ಎಸೆಯಲು ಹೋಗುತ್ತಿರಲಿಲ್ಲ, ಅದಕ್ಕೆ. ಎಸೆಯದ ಚೆಂಡನ್ನು ಹಿಡಿಯೋದು ಹೇಗೆ? ಬಾಗಿಲು ಭದ್ರವಾಗಿರುವ ಮನೆಗೆ ಕಳ್ಳ ಬರುವುದಿಲ್ಲ. ಹಾಗಂತ ಆ ಮನೆಯ ಕಾವಲುಗಾರ ಒಬ್ಬ ಕಳ್ಳನನ್ನೂ ಹಿಡಿಯಲಿಲ್ಲ ಅಂತ ಸಂಬಳ ಕತ್ತರಿಸುತ್ತೀರಾ?

ಇದಕ್ಕೆ ಕಾರಣ 2009. ಆ ವರ್ಷ ಜೆಟ್ಸ್‌ಗೆ ರೆಕ್ಸ್ ರಯಾನ್ ಕೋಚ್ ಆಗಿ ಬಂದ. ಎದುರು ತಂಡದ ಅತಿ ಅಪಾಯಕಾರಿ ರಿಸೀವರ್ ಯಾರೋ ಅವನ ಎದುರು ರೀವಿಸ್‌ನನ್ನು ಒಬ್ಬನೇ ಬಿಡುವುದು ರಯಾನ್ ಲೆಕ್ಕಾಚಾರ. ಅಂಚು ಬದಲಾದರೆ ರೀವಿಸ್ ಕೂಡ ಬದಲಾಗಬೇಕು. ಸಹಾಯಕ್ಕೆ ಯಾರೂ ಇಲ್ಲ. ಹಾಗೆ ಉಳಿಸಿದ ಜನರನ್ನು ರಯಾನ್ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಲು ಬಿಡುತ್ತಿದ್ದ. ಆ ಅಂಚಿಗೆ "ರೀವಿಸ್ ಐಲ್ಯಾಂಡ್", ಅಂದರೆ ರೀವಿಸ್ ದ್ವೀಪ, ಅಂತ ಹೆಸರು ಬಿತ್ತು. ಆ ದ್ವೀಪಕ್ಕೆ ಹೋದ ರಿಸೀವರ್ ಕಾಣೆಯಾಗುತ್ತಾನೆ ಅಂತ ತಮಾಷೆ.

ಯಾರು ಯಾರು ಕಾಣೆಯಾದರು ನೋಡಿ. ಮೊದಲ ಪಂದ್ಯ ಹ್ಯೂಸ್ಟನ್‌ನ ಆಂಡ್ರೆ ಜಾನ್ಸನ್ ಎದುರು. ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು, 1,569 ಯಾರ್ಡ್ ಗಳಿಸಿದವನು. ಜೆಟ್ಸ್ ಎದುರು ಅವನಿಗೆ ಸಿಕ್ಕಿದ್ದು 35. ಮುಂದಿನ ವಾರ ನ್ಯೂ ಇಂಗ್ಲೆಂಡ್‌ನ ರ‍್ಯಾಂಡಿ ಮಾಸ್. ಆಡಿದವರಲ್ಲೇ ದೊಡ್ಡವರ ಸಾಲಿನವನು. ಅವನಿಗೆ 24 ಯಾರ್ಡ್. ಲೀಗ್‌ನ ಕೊನೆಯ ಪಂದ್ಯ ಸಿನ್ಸಿನಾಟಿ ಜೊತೆ, ಎದುರು ಚಾಡ್ ಓಚೊಸಿಂಕೊ. ಮಾತಿನ ಮಲ್ಲ. ಆ ರಾತ್ರಿ ಒಂದೇ ಒಂದು ಚೆಂಡೂ ಅವನ ಕೈಗೆ ಸಿಗಲಿಲ್ಲ. ಜೆಟ್ಸ್ 37-0ರಿಂದ ಗೆದ್ದಿತು.

ಆ ವರ್ಷ ರೀವಿಸ್ 31 ಎಸೆತ ತಡೆದ. ಆದರೂ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಅವನಿಗೆ ಬರಲಿಲ್ಲ. ಗ್ರೀನ್ ಬೇಯ ಚಾರ್ಲ್ಸ್ ವುಡ್ಸನ್ ಪಾಲಾಯಿತು. ವುಡ್ಸನ್‌ಗೆ ಒಂಬತ್ತು ಇಂಟರ್‌ಸೆಪ್ಷನ್ ಇದ್ದವು. ವುಡ್ಸನ್ ದೊಡ್ಡ ಆಟಗಾರನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮತ ಹಾಕಿದವರೂ ನಿಮ್ಮ ಹಾಗೆಯೇ ಕಣ್ಣಿಗೆ ಕಾಣುವ ಅಂಕಿಗೆ ಮಾರುಹೋದರು ಅಂತ ನನಗೆ ಇವತ್ತಿಗೂ ಅನಿಸುತ್ತೆ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕ್ರಿಕೆಟ್‌ನಲ್ಲೂ ಇಂಥದ್ದು ಇದೆಯಲ್ಲ. 1964ರಲ್ಲಿ ಮದ್ರಾಸ್ ಟೆಸ್ಟ್‌ನಲ್ಲಿ ಬಾಪು ನಾಡಕರ್ಣಿ 32 ಓವರ್ ಹಾಕಿ, 27 ಮೇಡನ್ ಮಾಡಿ, ಬರೀ ಐದು ರನ್ ಕೊಟ್ಟರು. ವಿಕೆಟ್ ಕಾಲಂನಲ್ಲಿ ಸೊನ್ನೆ. ಆ ಸೊನ್ನೆ ಹಿಡಿದುಕೊಂಡು ಯಾರಾದರೂ ಅವರನ್ನು ಬೈದರಾ?

ಇನ್ನು ನಿಮ್ಮ ಎರಡನೇ ಆಕ್ಷೇಪ, ದುಡ್ಡು. ಇದಕ್ಕೆ ಅವನ ಊರಿನಿಂದ ಶುರು ಮಾಡಬೇಕು.

ರೀವಿಸ್ ಪೆನ್ಸಿಲ್ವೇನಿಯಾದ ಅಲಿಕ್ವಿಪಾದವನು. ಪಿಟ್ಸ್‌ಬರ್ಗ್ ಹತ್ತಿರ, ಒಹಾಯೊ ನದಿ ದಂಡೆಯ ಪುಟ್ಟ ಊರು. ಒಂದು ಕಾಲಕ್ಕೆ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಜನ ದುಡಿಯುತ್ತಿದ್ದರು. 1980ರ ದಶಕದಲ್ಲಿ ಅದು ಬಹುಪಾಲು ಮುಚ್ಚಿತು. ರೀವಿಸ್ ಹುಟ್ಟಿದ್ದು 1985ರಲ್ಲಿ. ಭದ್ರಾವತಿಯಲ್ಲಿ ಕೂತ ನಿಮಗೆ ಉಕ್ಕಿನ ಊರಿನ ಕುಲುಮೆ ಆರಿದರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಈಗ ಅಲ್ಲಿ ಸುಮಾರು ಒಂಬತ್ತು ಸಾವಿರ ಜನ. ಅಷ್ಟು ಸಣ್ಣ ಊರಿನ ಒಂದೇ ಹೈಸ್ಕೂಲಿನಿಂದ ಮೂವರು ಹಾಲ್ ಆಫ್ ಫೇಮ್ ಸೇರಿದ್ದಾರೆ: ಮೈಕ್ ಡಿಟ್ಕಾ, ಟೈ ಲಾ, ರೀವಿಸ್. ಟೈ ಲಾ ಕೂಡ ಕಾರ್ನರ್‌ಬ್ಯಾಕೇ. ಅವನಿಗೆ 53 ಇಂಟರ್‌ಸೆಪ್ಷನ್ ಇವೆ, ನಿಮಗೆ ಇಷ್ಟವಾಗಬಹುದು. ರೀವಿಸ್ ಶಾಲೆಯಲ್ಲಿದ್ದಾಗ ರಾಜ್ಯ ಫೈನಲ್‌ನಲ್ಲಿ ಒಬ್ಬನೇ ಐದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಹೊಡೆದಿದ್ದ.

ಅವನ ಸೋದರಮಾವ ಶಾನ್ ಗಿಲ್ಬರ್ಟ್ ಕೂಡ ಎನ್‌ಎಫ್‌ಎಲ್ ಆಟಗಾರ. 1997ರಲ್ಲಿ ವಾಷಿಂಗ್ಟನ್ ತಂಡದ ಜೊತೆ ಸಂಬಳದ ಜಗಳವಾಗಿ ಇಡೀ ವರ್ಷ ಆಡಲೇ ಇಲ್ಲ. ಮರುವರ್ಷ ಕ್ಯಾರೊಲಿನಾ ತಂಡ ಭಾರಿ ಮೊತ್ತಕ್ಕೆ ಕರೆದುಕೊಂಡಿತು. ಆಗ ರೀವಿಸ್‌ಗೆ ಹನ್ನೆರಡು ವರ್ಷ. ಹುಡುಗ ಮನೆಯಲ್ಲೇ ಪಾಠ ಕಲಿತ ಅನ್ನಿ.

ಮೇಷ್ಟ್ರೇ, ಎನ್‌ಎಫ್‌ಎಲ್‌ನ ಕರಾರು ನಾವು ತಿಳಿದಂಥ ಕರಾರಲ್ಲ. ಆರು ವರ್ಷ ಅಂತ ಬರೆದಿರುತ್ತೆ. ಗ್ಯಾರಂಟಿ ಅಂತ ಬೇರೆಯಾಗಿ ಬರೆದ ಹಣ ಬಿಟ್ಟರೆ, ಉಳಿದದ್ದಕ್ಕೆ ತಂಡ ಯಾವಾಗ ಬೇಕಾದರೂ ಕೈ ಎತ್ತಬಹುದು. ಆಟಗಾರನಿಗೆ ಆರು ವರ್ಷವೂ ಕಟ್ಟು, ತಂಡಕ್ಕೆ ಇಲ್ಲ. ಆಟಗಾರರ ಸಂಘದ ಲೆಕ್ಕದಲ್ಲಿ ಸರಾಸರಿ ಆಟಗಾರನ ಆಯಸ್ಸು ಮೂರು ವರ್ಷ ಚಿಲ್ಲರೆ. ಮಂಡಿ ಮುರಿದರೆ ಅಲ್ಲಿಗೆ ಮುಗೀತು.

2009ರಲ್ಲಿ ಅಂಥ ಆಟ ಆಡಿದವನಿಗೆ 2010ರಲ್ಲಿ ಸಿಗಬೇಕಿದ್ದ ಸಂಬಳ 10 ಲಕ್ಷ ಡಾಲರ್. ಓಕ್ಲೆಂಡ್‌ನ ಕಾರ್ನರ್‌ಬ್ಯಾಕ್ ನಾಮ್ಡಿ ಅಸೊಮುವಾಗೆ ವರ್ಷಕ್ಕೆ ಒಂದೂವರೆ ಕೋಟಿ ಡಾಲರ್ ಲೆಕ್ಕದಲ್ಲಿ ಸಿಗುತ್ತಿತ್ತು. ರೀವಿಸ್ ತರಬೇತಿಗೇ ಹೋಗಲಿಲ್ಲ. 36 ದಿನ. ಕೊನೆಗೆ ನಾಲ್ಕು ವರ್ಷಕ್ಕೆ 4 ಕೋಟಿ 60 ಲಕ್ಷ ಡಾಲರ್ ಕೊಟ್ಟು ಕರೆದರು. ಇದನ್ನು ನೀವು ಮುನಿಸು ಅಂತೀರಿ. ಕಾರ್ಖಾನೆ ಗೇಟಿನಲ್ಲಿ ಇದಕ್ಕೆ ಬೇರೆ ಹೆಸರಿದೆ.

ಅವನು ಹೆದರಿದ್ದು ಸುಮ್ನೆ ಅಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಮಯಾಮಿಯಲ್ಲಿ ಯಾರೂ ಗುದ್ದದೆ ಅವನ ಎಡ ಮಂಡಿಯ ಲಿಗಮೆಂಟ್ ಹರಿಯಿತು. ಮುಂದಿನ ಏಪ್ರಿಲ್‌ನಲ್ಲಿ ಜೆಟ್ಸ್ ಅವನನ್ನು ಟ್ಯಾಂಪಾ ಬೇ ತಂಡಕ್ಕೆ ದಾಟಿಸಿತು. ಅಲ್ಲಿ ಆರು ವರ್ಷಕ್ಕೆ 9 ಕೋಟಿ 60 ಲಕ್ಷ ಡಾಲರ್ ಕರಾರು, ಪೇಪರ್‌ಗಳಲ್ಲಿ ದೊಡ್ಡ ಸುದ್ದಿ. ಅದರಲ್ಲಿ ಗ್ಯಾರಂಟಿ ಒಂದು ಡಾಲರೂ ಇಲ್ಲ. ಒಂದು ವರ್ಷ ಆಡಿಸಿ, 1 ಕೋಟಿ 60 ಲಕ್ಷ ಕೊಟ್ಟು, ಹೊಸ ಕೋಚ್ ಬಂದ ಕೂಡಲೇ ಕಳಿಸಿಬಿಟ್ಟರು. ಊರೂರು ಸುತ್ತಿದ ಅಂದಿರಲ್ಲ, ಈ ಊರು ಬಿಡಿಸಿದ್ದು ತಂಡವೇ.

ಆಮೇಲೆ 1 ಕೋಟಿ 20 ಲಕ್ಷಕ್ಕೆ ನ್ಯೂ ಇಂಗ್ಲೆಂಡ್ ಸೇರಿದ. ಜೆಟ್ಸ್ ಅಭಿಮಾನಿಗಳ ಹೊಟ್ಟೆ ಉರಿಯಿತು, ಹಳೇ ವೈರಿ ತಂಡ ಅದು. ಅಲ್ಲಿ 2015ರ ಫೆಬ್ರುವರಿ 1ರಂದು ಅವನ ಒಂದೇ ಒಂದು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆಲುವು. ಸಿಯಾಟಲ್ ಎದುರು 28-24. ಆ ಪಂದ್ಯದ ತಮಾಷೆ ಕೇಳಿ. ಸಿಯಾಟಲ್‌ನ ಡಗ್ ಬಾಲ್ಡ್‌ವಿನ್ ಅವತ್ತು ಹಿಡಿದದ್ದು ಒಂದೇ ಚೆಂಡು, ಮೂರು ಯಾರ್ಡ್. ಆದರೆ ಅದು ಟಚ್‌ಡೌನ್, ಅದೂ ರೀವಿಸ್ ಕಾಯುತ್ತಿದ್ದಾಗ. ಓಡಿ ಬರುತ್ತಿದ್ದ ರೀವಿಸ್‌ಗೆ ಅಂಪೈರೇ ಅಡ್ಡ ಸಿಕ್ಕಿಬಿಟ್ಟಿದ್ದ! ಕೊನೆಯ ಕ್ಷಣಗಳಲ್ಲಿ ಗೋಲ್ ಗೆರೆಯ ಹತ್ತಿರ ಚೆಂಡು ಕಸಿದು ಪಂದ್ಯ ಉಳಿಸಿದವನು ಇನ್ನೊಬ್ಬ ಕಾರ್ನರ್‌ಬ್ಯಾಕ್, ಮಾಲ್ಕಮ್ ಬಟ್ಲರ್. ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ, ಯಾವ ತಂಡವೂ ಆರಿಸದ ಹೊಸ ಹುಡುಗ. ಅಮೆರಿಕದಲ್ಲಿ ಇವತ್ತಿಗೂ ಜನ ನೆನಪಿಟ್ಟಿರುವುದು ಆ ಒಂದು ಹಿಡಿತವನ್ನು. ಆ ಪಂದ್ಯದಲ್ಲಿ ರೀವಿಸ್ ಇದ್ದ ಅನ್ನುವುದು ಎಷ್ಟು ಜನಕ್ಕೆ ನೆನಪಿದೆಯೋ.

ಒಂದು ಕಡೆ ಮಾತ್ರ ನಾನು ನಿಮ್ಮ ಪಕ್ಷ. 2015ರಲ್ಲಿ ಜೆಟ್ಸ್ ಮತ್ತೆ ಕರೆಯಿತು. ಐದು ವರ್ಷಕ್ಕೆ 7 ಕೋಟಿ ಡಾಲರ್, ಈ ಸಲ 3 ಕೋಟಿ 90 ಲಕ್ಷ ಗ್ಯಾರಂಟಿ. ಮೊದಲ ವರ್ಷ ಚೆನ್ನಾಗಿಯೇ ಆಡಿದ, ಐದು ಇಂಟರ್‌ಸೆಪ್ಷನ್. 2016ರಲ್ಲಿ ಕಾಲು ಸೋತಿತು. ಮೊದಲ ಪಂದ್ಯ ಅದೇ ಸಿನ್ಸಿನಾಟಿ ಎದುರು. ಎ.ಜೆ. ಗ್ರೀನ್ 12 ಚೆಂಡು ಹಿಡಿದು 180 ಯಾರ್ಡ್ ದೋಚಿದ. ಏಳು ವರ್ಷದ ಹಿಂದೆ ಓಚೊಸಿಂಕೊಗೆ ಸೊನ್ನೆ ಕೊಟ್ಟ ದ್ವೀಪ ಇದೇನಾ ಅನಿಸಿತ್ತು. ಆಗ ಅವನಿಗೆ 31. ಆ ವರ್ಷ ಕೆಲವು ಸಲ ಟ್ಯಾಕಲ್ ಮಾಡಲೂ, ಅಂದರೆ ಚೆಂಡು ಹಿಡಿದವನನ್ನು ಕೆಡವಲೂ, ಹಿಂದೇಟು ಹಾಕಿದ ಹಾಗೆ ಕಂಡ. ಕಾಲು ಸೋಲುವುದು ಬೇರೆ, ಮೈ ಒಡ್ಡದಿರುವುದು ಬೇರೆ. ಅದನ್ನು ನಾನೂ ಒಪ್ಪುವುದಿಲ್ಲ. ಮುಂದಿನ ವರ್ಷ ಕ್ಯಾನ್ಸಸ್ ಸಿಟಿಗೆ ಐದು ಪಂದ್ಯ ಆಡಿ, 2018ರ ಜುಲೈನಲ್ಲಿ ಮುಗಿಸಿದ.

ಮತ ಹಾಕುವವರು ಆ ಕೊನೆಯ ಎರಡು ವರ್ಷವನ್ನು ಬದಿಗಿಟ್ಟರು. ಅರ್ಹತೆ ಬಂದ ಮೊದಲ ವರ್ಷವೇ ಆರಿಸಿದರು. 2023ರಲ್ಲಿ ಅವನ ಜೊತೆಗೇ ಹಾಲ್ ಆಫ್ ಫೇಮ್ ಸೇರಿದ ಇನ್ನೊಬ್ಬ ಕಾರ್ನರ್‌ಬ್ಯಾಕ್ ರಾಂಡೆ ಬಾರ್ಬರ್. ಹದಿನಾರು ವರ್ಷ ಒಂದೇ ತಂಡ, ಟ್ಯಾಂಪಾ ಬೇ. ಸತತ 215 ಪಂದ್ಯದಲ್ಲಿ ಶುರುವಿನಿಂದ ಆಡಿದವನು, 47 ಇಂಟರ್‌ಸೆಪ್ಷನ್. ನಿಮ್ಮ ಮನಸ್ಸಿನ ಕಾರ್ನರ್‌ಬ್ಯಾಕ್ ಇವನೇ ಇರಬೇಕು. ರೀವಿಸ್ ಟ್ಯಾಂಪಾಕ್ಕೆ ಬಂದ ಕೆಲವೇ ವಾರಕ್ಕೆ ಬಾರ್ಬರ್ ನಿವೃತ್ತನಾದ. ಅಷ್ಟೆಲ್ಲ ಇದ್ದರೂ ಬಾರ್ಬರ್ ಆಯ್ಕೆಯಾಗಲು ಕೆಲವು ವರ್ಷ ಕಾಯಬೇಕಾಯಿತು. ಆ ವಿಷಯದಲ್ಲಿ ನೀವು ಸಿಟ್ಟಾದರೆ ನಾನು ವಾದ ಮಾಡುವುದಿಲ್ಲ.

ಮುಂದಿನ ಸಲ ಮಗನ ಮನೆಗೆ ಹೋದಾಗ ಒಂದು ಕೆಲಸ ಮಾಡಿ. ಟಿವಿ ಕ್ಯಾಮೆರಾ ಯಾವಾಗಲೂ ಚೆಂಡಿನ ಹಿಂದೆ ಹೋಗುತ್ತೆ, ಎರಡು ಸೆಕೆಂಡಿನಲ್ಲಿ ಕಾರ್ನರ್‌ಬ್ಯಾಕ್ ಪರದೆಯಿಂದ ಹೊರಗೆ. ಮಗನಿಗೆ ಹೇಳಿ ಮೈದಾನಕ್ಕೇ ಹೋಗಿ. ಟಿಕೆಟ್ ದುಬಾರಿ, ಮೇಲಿನ ಸಾಲಿನದೇ ಸಾಕು. ಅಲ್ಲಿಂದ ಚೆಂಡು ನೋಡಬೇಡಿ. ಅಂಚಿನಲ್ಲಿ ಓಡುವ ಇಬ್ಬರನ್ನು ಮಾತ್ರ ನೋಡಿ. ಕ್ವಾರ್ಟರ್‌ಬ್ಯಾಕ್ ಒಮ್ಮೆ ಆ ಕಡೆ ತಿರುಗಿ, ಎಸೆಯದೆ, ಬೇರೆ ಕಡೆ ತಿರುಗುವುದು ಕಂಡರೆ ನನಗೊಂದು ಕಾಗದ ಬರೆಯಿರಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕಾರ್ನರ್‌ಬ್ಯಾಕ್‌ಗೆ ಕನ್ನಡದಲ್ಲಿ "ಮೂಲೆಕಾವಲಿ" ಅನ್ನಬಹುದಾ ಅಂತ ಕೇಳಿದ್ದೀರಿ. ಕೇಳಲು ಚೆನ್ನಾಗಿದೆ. ಆದರೆ ಈ ಆಸಾಮಿ ಮೂಲೆಯಲ್ಲಿ ನಿಲ್ಲುವವನಲ್ಲ, ಎದುರಾಳಿ ಎಲ್ಲಿ ಹೋದರೆ ಅಲ್ಲಿಗೆ ನೆರಳಿನ ಹಾಗೆ ಹೋಗುವವನು. ನಮ್ಮ ಕಚೇರಿಯ ಹುಡುಗರು "ನೆರಳುಬಂಟ" ಅಂತ ಇನ್ನೊಂದು ಸೂಚಿಸಿದರು, ಅದು ಯಕ್ಷಗಾನದ ಪಾತ್ರದ ಹಾಗೆ ಕೇಳಿಸುತ್ತೆ. ಒಳ್ಳೇದು ಹೊಳೆಯುವವರೆಗೆ ಕಾರ್ನರ್‌ಬ್ಯಾಕ್ ಅಂತಲೇ ಬರೆಯುತ್ತೇವೆ.

– ಸಂಪಾದಕ