ಮನೆ ಅವರ ಕೈಗೆ ಎಟುಕಲಿ

ಓದುಗರ ಪ್ರಶ್ನೆ, ಅಕ್ಕನ ಉತ್ತರ
(ಉತ್ತರಿಸುವವರು ಧಾರವಾಡದ ನಿವೃತ್ತ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಪೆಟ್ಟಾದವರು ದಿನನಿತ್ಯದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳಲು ಕಲಿಸುವವರು. ಬೆನ್ನುಹುರಿಗೆ ಪೆಟ್ಟು ಬಿದ್ದವರ ವಾರ್ಡಿನಲ್ಲಿ ದೀರ್ಘಕಾಲ ಕೆಲಸ ಮಾಡಿದವರು.)

ಪ್ರಶ್ನೆ: ಅಕ್ಕ, ನನ್ನ ಗಂಡ ಸೈನ್ಯದಲ್ಲಿ ಹವಾಲ್ದಾರ್. ಗಡಿಯಲ್ಲಿ ಗಾಡಿ ಕಮರಿಗೆ ಉರುಳಿ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ಮುಟ್ಟಿದರೂ ಗೊತ್ತಾಗುವುದಿಲ್ಲ. ಕೈ ಗಟ್ಟಿ ಇವೆ. ಇನ್ನೆರಡು ತಿಂಗಳಲ್ಲಿ ಊರಿಗೆ ಬರುತ್ತಾರೆ. ನಮ್ಮದು ಹಳೇ ಮನೆ. ಅಂಗಳದಿಂದ ಎರಡು ಅಡಿ ಎತ್ತರ, ದಪ್ಪ ಹೊಸ್ತಿಲು, ಬಚ್ಚಲು ಹಿತ್ತಲಲ್ಲಿ. ಮುಂದೆ ಎಂಟು ಅಡಿ ರ್‍ಯಾಂಪ್ ಹಾಕಿ, ಪಡಸಾಲೆಯಲ್ಲಿ ಮಂಚ ಇಟ್ಟರೆ ಆಯ್ತು ಅಂತ ಗೌಂಡಿ ಹೇಳುತ್ತಾನೆ. ಹೊಸ್ತಿಲು ಮಾತ್ರ ಕೀಳಬಾರದು ಅಂತ ಮಾವನವರು. ಏನು ಮಾಡಲಿ?
(ಹೆಸರು ಬೇಡ, ಗೋಕಾಕ ತಾಲ್ಲೂಕು)

ಉತ್ತರ: ತಂಗಿ, ಪಡಸಾಲೆಯ ಮಂಚ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಮಂಚ ಹಾಕಿದರೆ ಬಂದವರೆಲ್ಲ ಅವರನ್ನು ನೋಡಿಕೊಂಡೇ ಒಳಗೆ ಬರುತ್ತಾರೆ. ಬಟ್ಟೆ ಬದಲಿಸಲು, ಮೂತ್ರದ ನಳಿಕೆ ಹಾಕಿಕೊಳ್ಳಲು ಮರೆ ಇರುವುದಿಲ್ಲ. ಒಂದು ಲೋಟ ನೀರಿಗೂ ಯಾರನ್ನಾದರೂ ಕರೆಯಬೇಕಾಗುತ್ತದೆ. ಹತ್ತು ಜನರ ಸೆಕ್ಷನ್ ನಡೆಸಿದ ಮನುಷ್ಯ ಅವರು. ಕೈ ಗಟ್ಟಿ ಇವೆ ಎಂದು ನೀವೇ ಬರೆದಿದ್ದೀರಿ. ಆ ಕೈಗಳಿಗೆ ಕೆಲಸ ಕೊಡುವ ಮನೆ ಬೇಕು.

ನಾನು ಯಾವ ಮನೆಗೆ ಹೋದರೂ ಮೊದಲು ನೋಡುವುದು ಒಂದೇ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ, ಹೆಂಡತಿಯನ್ನು ಎಬ್ಬಿಸದೆ ಇವರು ಹಾಸಿಗೆಯಿಂದ ಸಂಡಾಸಕ್ಕೆ ಹೋಗಿ ಬರಬಲ್ಲರಾ? ಆ ದಾರಿ ಸರಿಯಾದರೆ ಉಳಿದದ್ದು ನಿಧಾನವಾಗಿ ಆಗುತ್ತದೆ. ಅದು ಸರಿಯಾಗದಿದ್ದರೆ ಮುಂದೆ ಎಷ್ಟು ಚಂದದ ರ್‍ಯಾಂಪ್ ಇದ್ದರೂ ಅವರು ಮನೆಯೊಳಗೆ ರೋಗಿಯಾಗಿಯೇ ಉಳಿಯುತ್ತಾರೆ. ಹಾಗಾಗಿ ದುಡ್ಡು ಕಡಿಮೆ ಇದ್ದರೆ ಮೊದಲು ಮಲಗುವ ಕೋಣೆ ಮತ್ತು ಅದಕ್ಕೆ ಅಂಟಿಕೊಂಡ ಬಚ್ಚಲು.

ಗೌಂಡಿಗೆ ಹೇಳುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ. ಅಲ್ಲಿನ ಥೆರಪಿಸ್ಟ್ ಹತ್ತಿರ ಮೂರು ಅಳತೆ ಕೇಳಿ. ವೀಲ್‌ಚೇರಿನ ಅಗಲ ಎಷ್ಟು, ಕುಶನ್ ಸೇರಿಸಿ ಸೀಟಿನ ಎತ್ತರ ಎಷ್ಟು, ಕುಳಿತಲ್ಲಿಂದ ಅವರ ಕೈ ಎಲ್ಲಿಯವರೆಗೆ ಹೋಗುತ್ತದೆ. ಮನೆ ಕಟ್ಟುವುದು ಈ ಮೂರು ಅಳತೆಯ ಮೇಲೆ. ನಿಮ್ಮ ಗಂಡನನ್ನೂ ಕೇಳಿ, ಸುಮ್ನೆ ತಿಳಿಸುವುದಲ್ಲ, ಕೇಳಿ. ಮಂಚದ ಯಾವ ಪಕ್ಕದಿಂದ ಕುರ್ಚಿಗೆ ಇಳಿಯುವುದು ಅವರಿಗೆ ಸಲೀಸು ಎಂಬುದು ಅವರಿಗೇ ಗೊತ್ತು. ಕಮೋಡ್ ಯಾವ ಗೋಡೆಗೆ ಇರಬೇಕು ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಈಗ ಬಚ್ಚಲು. ನಮ್ಮ ಕಡೆ ಬಚ್ಚಲಿಗೆ ಎರಡೂವರೆ ಅಡಿ ಬಾಗಿಲು ಇಡುವುದು ರೂಢಿ. ಚೌಕಟ್ಟಿನ ದಪ್ಪ ಕಳೆದರೆ ಉಳಿಯುವ ಜಾಗದಲ್ಲಿ ವೀಲ್‌ಚೇರ್ ತೂರಿದರೂ ಬೆರಳಿನ ಗೆಣ್ಣು ತರಚುತ್ತದೆ. ಚೌಕಟ್ಟು ಬಿಟ್ಟು ಮೂರು ಅಡಿ ಖಾಲಿ ಸಿಗಬೇಕು. ಬಾಗಿಲು ಹೊರಗೆ ತೆರೆಯಲಿ ಅಥವಾ ಪಕ್ಕಕ್ಕೆ ಸರಿಯಲಿ. ಒಳಗೆ ತೆರೆದರೆ, ಅವರು ಬಿದ್ದ ದಿನ ಬಾಗಿಲಿಗೇ ಅಡ್ಡ ಬಿದ್ದಿರುತ್ತಾರೆ, ನೀವು ಒಳಗೆ ಹೋಗಲಾರಿರಿ. ಒಳಗಡೆ ಕುರ್ಚಿ ಪೂರ್ತಿ ತಿರುಗಲು ಐದು ಅಡಿ ಉದ್ದ, ಐದು ಅಡಿ ಅಗಲ ಖಾಲಿ ಬಿಡಿ. ಗೋಡೆ ಎಬ್ಬಿಸುವ ಮುಂಚೆ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿ, ಯಾರಾದರೂ ಒಂದು ವೀಲ್‌ಚೇರಿನಲ್ಲಿ ಕುಳಿತು ತಿರುಗಿಸಿ ನೋಡಲಿ. ಕಾಗದದ ಮೇಲೆ ಸರಿ ಕಂಡದ್ದು ಎಷ್ಟೋ ಸಲ ಸುಣ್ಣದ ಗೆರೆ ದಾಟಿಬಿಡುತ್ತದೆ.

ಕಮೋಡಿನ ಸೀಟು ವೀಲ್‌ಚೇರಿನ ಸೀಟಿನ ಮಟ್ಟಕ್ಕೇ ಇರಲಿ. ಸಾಮಾನ್ಯವಾಗಿ 18ರಿಂದ 19 ಇಂಚು ಬರುತ್ತದೆ. ಗೋಡೆಯ ಕಡೆ ಗಟ್ಟಿ ಹಿಡಿಕೆ, ಇನ್ನೊಂದು ಕಡೆ ಮೇಲೆ ಮಡಚುವ ಹಿಡಿಕೆ. ಹಿಡಿಕೆಯ ಬೋಲ್ಟ್ ಇಟ್ಟಿಗೆ ಅಥವಾ ಕಾಂಕ್ರೀಟಿನೊಳಗೆ ಇಳಿಯಬೇಕು. ಬರೀ ಟೈಲ್ಸಿಗೆ ಸ್ಕ್ರೂ ಹಾಕಿದ ಟವೆಲ್ ರಾಡ್ ಹಿಡಿದು ಇಡೀ ಮೈಭಾರ ಎತ್ತಲು ಹೋದವರು ಏನಾದರು ಎಂದು ನಾನು ಕಂಡಿದ್ದೇನೆ. ನಳಿಕೆ, ಕನ್ನಡಿ, ಸಾಬೂನು ಇಡಲು ಕೈಗೆ ಸಿಗುವ ಒಂದು ಸ್ವಚ್ಛ ಹಲಗೆ, ಅದರ ಮೇಲೆ ಒಳ್ಳೆಯ ಬೆಳಕು. ನಳಿಕೆ ಹಾಕಿ ಮೂತ್ರ ತೆಗೆಯುವುದು ದಿನಕ್ಕೆ ಹಲವು ಸಲ ಮಾಡುವ ಕೆಲಸ. ಸ್ವಚ್ಛತೆ ತಪ್ಪಿದರೆ ಮೂತ್ರದ ಸೋಂಕು, ಜ್ವರ, ಮತ್ತೆ ಆಸ್ಪತ್ರೆ.

ಇನ್ನೊಂದು ವಿಷಯ ಮನೆಯವರಿಗೆಲ್ಲ ಕೂಡಿಸಿ ಹೇಳಿ. ಅವರ ಕಾಲಿಗೆ ಬಿಸಿ ತಿಳಿಯುವುದಿಲ್ಲ. ಹಂಡೆಯ ನೀರು ನೇರ ಮೈಮೇಲೆ ಹಾಕಬಾರದು. ಮೊದಲು ತಣ್ಣೀರು, ಮೇಲೆ ಬಿಸಿನೀರು, ಆಮೇಲೆ ಅವರೇ ಮೊಣಕೈ ಇಟ್ಟು ನೋಡಿಕೊಳ್ಳಲಿ. ಗೀಸರ್ ಇದ್ದರೆ ಶಾಖ ಕಡಿಮೆಗೆ ಇಳಿಸಿ. ಸಿಂಕಿನ ಕೆಳಗೆ ಬಿಸಿನೀರಿನ ಪೈಪ್ ಬಂದರೆ ಅದಕ್ಕೆ ಹೊದಿಕೆ ಸುತ್ತಿಸಿ. ಬೇಸಿಗೆಯಲ್ಲಿ ಕಾದ ಫರಸಿಯ ಮೇಲೆ ಅವರನ್ನು ಕೂರಿಸಬೇಡಿ. ಸ್ನಾನದ ಕುರ್ಚಿಗೂ ಮೆತ್ತನೆ ಸೀಟೇ ಬೇಕು. ಗಟ್ಟಿ ಪ್ಲಾಸ್ಟಿಕ್ ಮೇಲೆ ಹೊತ್ತು ಕುಳಿತರೆ ಚರ್ಮ ಒಡೆಯುತ್ತದೆ, ಅವರಿಗೆ ನೋವೇ ಗೊತ್ತಾಗುವುದಿಲ್ಲ. ಒಂದು ಹುಣ್ಣು ಮಾಯಲು ತಿಂಗಳುಗಟ್ಟಲೆ ಬೋರಲು ಮಲಗಬೇಕಾಗಬಹುದು.

ರ್‍ಯಾಂಪಿನ ಲೆಕ್ಕ ಸುಲಭ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಿಮ್ಮ ಮನೆ ಎರಡು ಅಡಿ ಎತ್ತರ, ಅಂದರೆ 24 ಅಡಿ ಬೇಕು. ಮೇಲೂ ಕೆಳಗೂ ಐದೈದು ಅಡಿ ಸಮತಟ್ಟು ಜಾಗ ಬೇರೆ. ಗೌಂಡಿ ಹೇಳಿದ ಎಂಟು ಅಡಿಯ ರ್‍ಯಾಂಪಿನಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಮುಂದೆ ಅಷ್ಟು ಜಾಗ ಇಲ್ಲದಿದ್ದರೆ ಮನೆಯ ಪಕ್ಕದ ಗೋಡೆಗುಂಟ ತಂದು ಮೂಲೆಯಲ್ಲಿ ತಿರುಗಿಸಿ. ನಿಮ್ಮದು ಎರೆಮಣ್ಣಿನ ನೆಲವಾದರೆ ಹೆಚ್ಚು ಎಚ್ಚರ ಬೇಕು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಸುಮ್ಮನೆ ಮೇಲೆ ಕಾಂಕ್ರೀಟ್ ಸುರಿದರೆ ಎರಡು ಮಳೆಗಾಲದಲ್ಲಿ ರ್‍ಯಾಂಪ್ ಕುಸಿದು, ಮನೆ ಕೂಡುವಲ್ಲಿ ಹೊಸ ಮೆಟ್ಟಿಲೇ ಏಳುತ್ತದೆ. ಎರೆ ತೆಗೆಸಿ, ಗರಸು ತುಂಬಿ ದಿಮ್ಮಸು ಹೊಡೆಸಿ, ರ್‍ಯಾಂಪಿಗೂ ಪಾಯ ಹಾಕಿಸಿ. ಮೇಲ್ಮೈ ನುಣುಪು ಬೇಡ. ಹಸಿ ಇರುವಾಗಲೇ ಕಸಬರಿಗೆ ಎಳೆದು ಗೆರೆ ಮೂಡಿಸಲಿ. ಎರಡೂ ಅಂಚಿಗೆ ನಾಲ್ಕು ಇಂಚಿನ ಸಣ್ಣ ಕಟ್ಟೆ, ಎರಡೂ ಕಡೆ ಕಂಬಿ.

ಮಾವನವರ ಮಾತಿಗೂ ದಾರಿ ಇದೆ. ಹೊಸ್ತಿಲನ್ನು ಕಿತ್ತು ಬಿಸಾಡಬೇಕಿಲ್ಲ. ಅದೇ ಕಟ್ಟಿಗೆಯನ್ನು ನೆಲದೊಳಗೆ ಇಳಿಸಿ, ಮೇಲ್ಭಾಗ ನೆಲದ ಮಟ್ಟಕ್ಕೆ ಬರುವಂತೆ ಕೂರಿಸಿ. ಅರಿಶಿನ ಕುಂಕುಮ, ರಂಗೋಲಿ ಎಲ್ಲ ಮೊದಲಿನ ಹಾಗೆಯೇ ನಡೆಯುತ್ತದೆ. ಮಳೆನೀರು ಒಳಗೆ ಬಾರದಂತೆ ಹೊರಗೆ ಒಂದು ಕಿರುಗಾಲುವೆ ತೆಗೆದು ಕಬ್ಬಿಣದ ಜಾಲರಿ ಮುಚ್ಚಿಸಿ. ಈ ಉಪಾಯ ಹೇಳಿದಾಗ ಒಪ್ಪದ ಹಿರಿಯರನ್ನು ನಾನು ನೋಡಿಲ್ಲ. ಮಗ ಎತ್ತಿಸಿಕೊಳ್ಳದೆ ತಾನೇ ಹೊಸ್ತಿಲು ದಾಟಿ ಬರಲಿ ಎಂದು ಅವರಿಗೂ ಇರುತ್ತದಲ್ವಾ?

ಸ್ವಿಚ್ಚುಗಳನ್ನು ಮೂರೂವರೆ ಅಡಿಯೊಳಗೆ ಇಳಿಸಿ, ಪ್ಲಗ್ಗುಗಳನ್ನು ಎರಡು ಅಡಿಗೆ ಏರಿಸಿ. ಅಡುಗೆಮನೆಯಲ್ಲಿ ಕಟ್ಟೆಯ ಒಂದು ಭಾಗದ ಕೆಳಗೆ ಮೊಣಕಾಲು ಹೋಗುವಷ್ಟು ಖಾಲಿ ಬಿಡಿ, ಚಹಾ ಅವರೇ ಮಾಡಿಕೊಳ್ಳಲಿ, ನಿಮಗೂ ಕೊಡಲಿ. ಹಿತ್ತಲಿಗೆ, ದನದ ಕೊಟ್ಟಿಗೆಯ ತನಕ ಗಟ್ಟಿ ದಾರಿ ಮಾಡಿಸಿ. ಅಂಗಳವೇ ಅವರ ಲೋಕದ ಕೊನೆ ಆಗಬಾರದು.

ಬೆಳಗಾವಿಯಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. ಡಿಸ್ಚಾರ್ಜ್ ಬುಕ್, ಮೆಡಿಕಲ್ ಬೋರ್ಡಿನ ಕಾಗದ ಹಿಡಿದು ಹೋಗಿ. ಮನೆ ರಿಪೇರಿಗೆ ಯಾವ ನೆರವು ಸಿಗುತ್ತದೆ ಎಂದು ಬರವಣಿಗೆಯಲ್ಲೇ ಕೇಳಿ. ಬೋರ್ಡು ನೂರಕ್ಕೆ ನೂರು ಅಂಗವೈಕಲ್ಯ ಎಂದು ಬರೆದಿದ್ದರೆ ಪಿಂಚಣಿಯ ಜೊತೆ, ಸದಾ ಜೊತೆಗಿದ್ದು ನೋಡಿಕೊಳ್ಳುವವರ ಖರ್ಚಿಗೆಂದು ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೋವನ್ಸ್ ಎಂಬ ಭತ್ಯೆ ಇದೆ, ಅದರ ಬಗ್ಗೆ ಬೋರ್ಡು ಏನು ಶಿಫಾರಸು ಮಾಡಿದೆ ನೋಡಿ. ಇದನ್ನು ಕೇಳಲು ಸಂಕೋಚ ಬೇಡ.

ಪ್ರಶ್ನೆ: ನಾವು ಬಾಸ್ಟನ್ ಹತ್ತಿರ ಇರುವ ಕನ್ನಡಿಗರು. ಇಲ್ಲಿ ಗಾಯಗೊಂಡ ಸೈನಿಕರಿಗೆ ಮನೆ ಕಟ್ಟಿಕೊಡುವ ಸಂಸ್ಥೆಯೊಂದರ ಸ್ವಯಂಸೇವಕರ ದಿನದಲ್ಲಿ ಗಿಡ ನೆಟ್ಟು ಬಂದೆವು. ನಮ್ಮೂರ ಸೈನಿಕರಿಗೂ ಹೀಗೇ ಮಾಡಬೇಕೆಂದು ಗೆಳೆಯರು ಹಣ ಕೂಡಿಸಿದ್ದೇವೆ. ಒಂದು ಮಾದರಿ ಮನೆ ಕಟ್ಟಿಸೋಣವೇ?

ಉತ್ತರ: ನಿಮ್ಮ ಮನಸ್ಸಿಗೆ ನಮಸ್ಕಾರ. ನೀವು ಹೇಳುತ್ತಿರುವುದು ಮ್ಯಾಸಚೂಸೆಟ್ಸಿನ ಟಾಂಟನ್ ಊರಿನ ಹೋಮ್ಸ್ ಫಾರ್ ಅವರ್ ಟ್ರೂಪ್ಸ್ ಇರಬೇಕು. 2004ರಲ್ಲಿ ಶುರುವಾದದ್ದು, 400ಕ್ಕೂ ಹೆಚ್ಚು ಮನೆ ಕಟ್ಟಿದೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಮನೆಯ ದೊಡ್ಡಸ್ತಿಕೆ ಅಲ್ಲ. ಯಾವ ಊರಿನಲ್ಲಿ ಬದುಕಬೇಕು ಎಂದು ಆ ಸೈನಿಕನೇ ಆರಿಸುತ್ತಾನೆ, ಮನೆ ಅಲ್ಲಿಗೆ ಬರುತ್ತದೆ.

ಅಲ್ಲಿ ಸರ್ಕಾರ ಈ ಹೊಣೆಯನ್ನು 1948ರಲ್ಲೇ ಕಾನೂನು ಮಾಡಿ ಹೊತ್ತಿತು. ಕಾಲಿನ ಸ್ವಾಧೀನ ಕಳೆದುಕೊಂಡ ಮಾಜಿ ಸೈನಿಕರಿಗೆ ಮನೆಯ ಖರ್ಚಿನ ಅರ್ಧ, 10,000 ಡಾಲರ್ ತನಕ ಕೊಡುತ್ತಿತ್ತು. ಈಗ ಆ ಮಿತಿ ಲಕ್ಷ ಡಾಲರ್ ದಾಟಿದೆ. ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವೀಲ್‌ಚೇರಿನಲ್ಲಿದ್ದ ಕೆನೆತ್ ಲಾರೆಂಟ್ ಎಂಬ ನೌಕಾಪಡೆಯ ಮಾಜಿ ಯೋಧನಿಗೆ ಇಲಿನಾಯ್ಸ್ ರಾಜ್ಯದ ರಾಕ್‌ಫರ್ಡಿನಲ್ಲಿ ಮನೆ ಮಾಡಿಕೊಟ್ಟರು. 1952ರಲ್ಲಿ ಮುಗಿದ ಒಂದೇ ಅಂತಸ್ತಿನ ಮನೆ. ಅಂಗವಿಕಲರಿಗೆ ಎಂದು ಅದರಲ್ಲಿ ಬೇರೆ ಮೂಲೆ ಇಲ್ಲ, ಇಡೀ ಮನೆಯೇ ಕುಳಿತವನ ಎತ್ತರಕ್ಕೆ ಇದೆ. ಲಾರೆಂಟ್ ದಂಪತಿ ಸುಮಾರು 60 ವರ್ಷ ಅಲ್ಲೇ ಬಾಳಿದರು. ಈಗ ಅದು ಮ್ಯೂಸಿಯಂ, ಸಾಧ್ಯವಾದರೆ ಹೋಗಿ ನೋಡಿ.

ನಮ್ಮಲ್ಲಿ ಪುಣೆಯ ಕಿರ್ಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸ್ವಾಧೀನ ಕಳೆದುಕೊಂಡ ಸೈನಿಕರಿಗೆ 1974ರಿಂದ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ ಇದೆ, ಮೊಹಾಲಿಯಲ್ಲಿ ಇನ್ನೊಂದು. 1965ರ ಯುದ್ಧದಲ್ಲಿ ಗುಂಡು ತಗುಲಿದ ಮುರಳಿಕಾಂತ್ ಪೇಟ್ಕರ್ ಏಳು ವರ್ಷದ ಬಳಿಕ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಈಜಿ ಪ್ಯಾರಾಲಿಂಪಿಕ್ಸ್ ಚಿನ್ನ ಗೆದ್ದರು. ದೇಹ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಆದರೆ ಊರಿಗೆ ಮರಳುವ ಹುಡುಗನ ಮನೆ ಬದಲಿಸುವ ಹೊಣೆ ಇಲ್ಲಿ ಹೆಚ್ಚಾಗಿ ಮನೆಯವರ ಮೇಲೆಯೇ ಬೀಳುತ್ತದೆ. ಇದು ನನಗೆ ಬಹಳ ನೋವಿನ ವಿಷಯ.

ಹಾಗಾಗಿ ಮಾದರಿ ಮನೆ ಬೇಡ. ಅದೇ ಹಣದಲ್ಲಿ ಎಷ್ಟೋ ಹಳೇ ಮನೆಗಳಿಗೆ ಬಚ್ಚಲು ಕಟ್ಟಿಸಬಹುದು. ಪ್ರತಿ ಮನೆಗೂ ಒಬ್ಬ ಥೆರಪಿಸ್ಟ್, ಒಬ್ಬ ಎಂಜಿನಿಯರ್ ಒಟ್ಟಿಗೆ ಹೋಗಿ ಅಳತೆ ತೆಗೆಯುವ ಖರ್ಚು ಕೊಡಿ. ಕೆಲಸ ಮುಗಿದ ವರ್ಷದ ಮೇಲೆ ಮತ್ತೊಮ್ಮೆ ಹೋಗಿ ನೋಡುವ ಖರ್ಚನ್ನೂ ಇಡಿ. ಕಟ್ಟಿ ಬಿಟ್ಟುಬಂದ ಹಿಡಿಕೆ ಸಡಿಲವಾದರೆ ಹಳ್ಳಿಯಲ್ಲಿ ಬಿಗಿಮಾಡುವವರು ಸಿಗುವುದಿಲ್ಲ.

ಪ್ರಶ್ನೆ: ಅಣ್ಣನಿಗೆ ನೆಲಬಾಂಬ್ ಸಿಡಿದು ಬಲಗಾಲು ಮಂಡಿಯ ಕೆಳಗೆ ಹೋಗಿದೆ. ಪುಣೆಯಲ್ಲಿ ಕೃತಕ ಕಾಲು ಹಾಕಿಸಿಕೊಂಡು ಚೆನ್ನಾಗಿ ನಡೆಯುತ್ತಾರೆ. ಮನೆಯಲ್ಲಿ ಬದಲಾವಣೆ ಬೇಕಾ?
(ಸೋಮವಾರಪೇಟೆ)

ಉತ್ತರ: ಬೇಕು. ಪುಣೆಯ ಕೃತಕ ಅಂಗ ಕೇಂದ್ರ 1944ರಿಂದ ಈ ಕೆಲಸ ಮಾಡುತ್ತಿದೆ, ಕಾಲು ಒಳ್ಳೆಯದೇ ಇರುತ್ತದೆ. ಆದರೆ ರಾತ್ರಿ ಅದನ್ನು ಬಿಚ್ಚಿಡುತ್ತಾರೆ, ಸ್ನಾನಕ್ಕೂ ಬಿಚ್ಚುತ್ತಾರೆ. ಒದ್ದೆ ನೆಲದ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವಂತೆ ಆಗಬಾರದು. ಬಚ್ಚಲಲ್ಲಿ ಕುಳಿತು ಸ್ನಾನ ಮಾಡಲು ಗಟ್ಟಿ ಪೀಠ, ಹಿಡಿಕೆ, ಜಾರದ ಟೈಲ್ಸ್ ಬೇಕೇ ಬೇಕು. ಕಾಲಿನ ತುದಿಯಲ್ಲಿ ಹುಣ್ಣಾದರೆ ಕೆಲವು ದಿನ ಕೃತಕ ಕಾಲು ಹಾಕುವಂತಿಲ್ಲ. ಆ ದಿನಗಳಿಗೆ ವೀಲ್‌ಚೇರ್ ಹೋಗುವಷ್ಟು ಅಗಲದ ಬಾಗಿಲು ಒಂದೆರಡಾದರೂ ಇರಲಿ.

ನಿಮ್ಮ ಕಡೆಯ ಮಳೆಗೆ ಮೆಟ್ಟಿಲು ಪಾಚಿ ಹಿಡಿಯುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ಅಪಾಯ ಜಾಸ್ತಿ. ಎರಡೂ ಕಡೆ ಕಂಬಿ ಹಾಕಿಸಿ, ಮೆಟ್ಟಿಲಿನ ಎತ್ತರ ಆರು ಇಂಚು ದಾಟದಿರಲಿ, ಪಾದ ಪೂರ್ತಿ ಊರುವಂತೆ ಒಂದು ಅಡಿ ಅಗಲ ಇರಲಿ. ಎಲ್ಲ ಮೆಟ್ಟಿಲೂ ಒಂದೇ ಅಳತೆ. ಬಾಗಿಲ ಹತ್ತಿರ ಮಾಡಿನ ಕೆಳಗೆ ಒಂದು ಬೆಂಚು, ಅದರ ಪಕ್ಕ, ಕೃತಕ ಕಾಲಿನೊಳಗೆ ಕಾಲಿನ ತುದಿಗೆ ಹಾಕುವ ಒಣಗಿದ ಕಾಲುಚೀಲದ ಡಬ್ಬಿ ಇಡಿ. ತೋಟದಿಂದ ನೆನೆದು ಬಂದ ಕೂಡಲೇ ಕುಳಿತು ಬದಲಿಸಿಕೊಳ್ಳಲಿ. ಒದ್ದೆ ಚೀಲದಲ್ಲೇ ಇದ್ದರೆ ಸಂಜೆಯೊಳಗೆ ಚರ್ಮ ಕೆಂಪಾಗುತ್ತದೆ.